ಅರ್ಧದಲ್ಲಿ ನಿಂತ ವೊವಿ

ಹದಿನೆಂಟನೇ ವಯಸ್ಸಿನಲ್ಲಿ ಆಡಿದ ಒಂದು ಮಾತು ನಲ್ವತ್ತೆರಡಾದರೂ ಬೆನ್ನು ಬಿಡುವುದಿಲ್ಲ ಎಂದು ಗೊತ್ತಿದ್ದರೆ ಉರ್ಸುಲಾ ಆ ಸಂಜೆ ತುಟಿ ಕಚ್ಚಿಕೊಂಡು ಸುಮ್ಮನಿರುತ್ತಿದ್ದಳು.

ಅದು ೧೯೧೩ನೇ ಇಸವಿ. ದೇರೆಬೈಲಿನ ತವರುಮನೆಯ ಚಪ್ಪರದಲ್ಲಿ ಅವಳ ರೋಸ್ ನಡೆಯುತ್ತಿತ್ತು. ಮದುವೆಯ ಹಿಂದಿನ ಸಂಜೆ ಮದುಮಗಳನ್ನು ಮಣೆಯ ಮೇಲೆ ಕೂರಿಸಿ, ತಲೆಗೆ ತೆಂಗಿನಹಾಲು ಹೊಯ್ದು ಹರಸುವ ಶಾಸ್ತ್ರ ಅದು. ಹಾಲು ಹೊಯ್ಯುವಾಗ ಹಿರಿಯ ಹೆಂಗಸರು ಚಾಪೆಯ ಮೇಲೆ ಕೂತು ವೊವಿ ಹೇಳುತ್ತಾರೆ. ಎರಡೇ ಸಾಲಿನ ಹರಕೆಯ ಹಾಡು. ಯಜಮಾನ್ತಿ ಮೊದಲ ಸಾಲನ್ನು ಎತ್ತುತ್ತಾಳೆ, ಉಳಿದವರು ಎರಡನೆಯ ಸಾಲಿನಲ್ಲಿ ಕೂಡಿಕೊಂಡು ಮುಗಿಸುತ್ತಾರೆ. ಅಂದು ಯಜಮಾನ್ತಿಯಾಗಿದ್ದವಳು ಊರಿಗೆಲ್ಲ ಚಿಕ್ಕಮ್ಮನಂತಿದ್ದ ನತಾಲಿನ್ ಮಾವ್ಶಿ. ಉರ್ಸುಲಾ ಕಾನ್ವೆಂಟಿನಲ್ಲಿ ಆರು ವರ್ಷ ಪಿಯಾನೊ ಕಲಿತವಳು. ಆ ಎಳೆದೆಳೆದು ಹಾಡುವ ರಾಗ ಅವಳ ಕಿವಿಗೆ ಹಿಡಿಸಲಿಲ್ಲ. ಏಳೆಂಟು ವೊವಿ ಆಗುವಷ್ಟರಲ್ಲಿ ಹಾಲು ಸುರಿಯುತ್ತಿದ್ದ ಮುಖವನ್ನು ಎತ್ತಿ, ನೆರೆದವರೆಲ್ಲ ಕೇಳುವ ಹಾಗೆ ಹೇಳಿಯೇಬಿಟ್ಟಳು: "ಸಾಕು ಮಾವ್ಶಿ. ಮದುವೆಮನೆಯಾ ಹೆಣದ ಮನೆಯಾ ಅಂತ ನನಗೇ ಸಂಶಯ ಬರ್ತಾ ಉಂಟು."

ನತಾಲಿನ್ ಸಿಟ್ಟಾಗಲಿಲ್ಲ. ಚಾಪೆ ಮಡಚಿ ಎದ್ದಳು. ಊಟಕ್ಕೆ ಕೂತು, ಎಲೆಯಲ್ಲಿ ಏನೂ ಬಿಡದೆ ಉಂಡು ಹೋದಳು.

ಉರ್ಸುಲಾ ಮದುವೆಯಾಗಿ ಹೋದ ಮನೆಯೂ ದೇರೆಬೈಲಿನಲ್ಲೇ. ಅಂದಿನಿಂದ ಅವಳು ಕಾಲಿಟ್ಟ ಚಪ್ಪರದಲ್ಲಿ ವೊವಿ ನಿಲ್ಲತೊಡಗಿತು. ಯಾರೂ ಮುಖ ತಿರುಗಿಸುತ್ತಿರಲಿಲ್ಲ. "ಬಾ ಬಾಯೇ, ಕೂತುಕೋ" ಎಂದು ಮಗಳನ್ನು ಕರೆವಂತೆ ಕರೆದು ಜಾಗ ಬಿಡುತ್ತಿದ್ದರು, ಎಲೆಯಡಿಕೆಯ ತಟ್ಟೆ ಮುಂದೆ ತಳ್ಳುತ್ತಿದ್ದರು, ಹಾಡನ್ನು ಮಾತ್ರ ಬಾಯೊಳಗೆ ಎಳೆದುಕೊಳ್ಳುತ್ತಿದ್ದರು. ಅವಳು ಹೊರಟು ಬೇಲಿ ದಾಟಿದ ಮೇಲೆ ಮತ್ತೆ ಶುರು. ಇಪ್ಪತ್ತನಾಲ್ಕು ವರ್ಷ ಇದೇ ಮರ್ಯಾದೆ.

ಮೊದಲ ಹತ್ತು ವರ್ಷ ಅವಳಿಗೆ ಇದರಿಂದ ಸುಖವೇ ಆಗಿತ್ತು. ಆಗ ಅವಳಿಗೆ ಬೇಕಾಗಿದ್ದದ್ದು ಪಿಯಾನೊ. ಆಮೇಲೆ ಇಗರ್ಜಿಯ ಗಾಯನಮಂಡಳಿಯ ಲ್ಯಾಟಿನ್ ಕೀರ್ತನೆಗಳು. ಗಂಡ ಅಲ್ಫೋನ್ಸ್ ಗ್ರಾಮಫೋನ್ ತಂದ ಮೇಲೆ ವಾಲ್ಟ್ಸ್ ಎಂಬ ಪಾಶ್ಚಾತ್ಯ ಕುಣಿತದ ಪ್ಲೇಟುಗಳು. ವಯಸ್ಸು ಮೂವತ್ತೈದಾಗುವ ಹೊತ್ತಿಗೆ ಅವೆಲ್ಲ ಹೆಚ್ಚು ಬೆಲ್ಲ ಬಿದ್ದ ಪಾಯಸದ ಹಾಗೆ ನಾಲಿಗೆಗೆ ಅಂಟತೊಡಗಿದವು. ಅದೇ ವರ್ಷ ಪಕ್ಕದ ಮನೆಯ ರೋಸಿಗೆ ಹೋದಾಗ ತಲೆನೋವೆಂದು ಅವಳು ಅಡುಗೆಮನೆಯ ಹಿಂದೆ, ಬಚ್ಚಲಿನ ಕಟ್ಟೆಯ ಮೇಲೆ ಕೂತಿದ್ದಳು. ಅವಳು ಮನೆಗೆ ಹೋದಳೆಂದು ತಿಳಿದು ಹೆಂಗಸರು ವೊವಿ ಎತ್ತಿದರು. ನಾಲ್ಕೋ ಐದೋ ಸ್ವರ. ಅಷ್ಟರಲ್ಲೇ ಒಂದು ಮನೆಯನ್ನು ಕಟ್ಟಿ, ಅದರೊಳಗೆ ಹುಡುಗಿಯನ್ನು ಕೂರಿಸಿ, ಬಾಗಿಲು ತೆರೆದು ಹೊರಗೆ ಕಳಿಸುತ್ತಿದ್ದರು. ಉರ್ಸುಲಾಗೆ ಕಣ್ಣೀರು ಬರಲಿಲ್ಲ, ಸಿಟ್ಟು ಬಂತು. ಇಷ್ಟು ಒಳ್ಳೆಯದು ಇದು ಎಂದು ತನಗೆ ಯಾಕೆ ಯಾರೂ ಹೇಳಲಿಲ್ಲ? ಹೇಳಿದ್ದರೆ ತಾನು ಕೇಳುತ್ತಿದ್ದೆನೇ ಎಂಬ ಪ್ರಶ್ನೆಯೂ ಹಿಂದೆಯೇ ಬಂತು, ಸಿಟ್ಟು ಇಮ್ಮಡಿಯಾಯಿತು.

ಆಮೇಲಿನ ಏಳು ವರ್ಷ ಅವಳು ವೊವಿಗಳನ್ನು ಕದ್ದು ಕೇಳಿದಳು. ಬಾವಿಕಟ್ಟೆಯ ಮರೆಯಿಂದ, ಪಾತ್ರೆಗಳ ಸದ್ದಿನ ನಡುವೆ. ನೂರಕ್ಕೂ ಮಿಕ್ಕಿ ಬಾಯಿಪಾಠವಾದವು. ಒಮ್ಮೆಯೂ ಬಾಯಿ ಬಿಟ್ಟು ಹಾಡಿರಲಿಲ್ಲ.

ಈಗ ಮಗಳು ಡಾಲಿಯ ಮದುವೆ ಗೊತ್ತಾಗಿತ್ತು, ಬಂದರಿನ ಹಡಗು ಕಂಪನಿಯಲ್ಲಿ ಕೆಲಸದಲ್ಲಿದ್ದ ಲ್ಯಾನ್ಸಿಯೊಡನೆ. ತನ್ನ ಮಗಳ ರೋಸಿನಲ್ಲಿ ತಾನು ಆ ಹೆಂಗಸರ ಜೊತೆ ಕೂತು ಹಾಡಬೇಕು. ಉರ್ಸುಲಾಗೆ ಬೇಕಾಗಿದ್ದದ್ದು ಇಷ್ಟೇ. ಇದೊಂದೇ ಮಗಳು, ಮತ್ತೊಂದು ರೋಸ್ ಆ ಮನೆಯಲ್ಲಿ ಆಗುವುದಿರಲಿಲ್ಲ.

ರೋಸಿಗೆ ಒಂದು ವಾರ ಮೊದಲೇ ಎಲೆಯಡಿಕೆ ಹಿಡಿದು ನತಾಲಿನ್ ಮನೆಗೆ ಹೋದಳು. ಮುದುಕಿ ಜಗಲಿಯಲ್ಲಿ ಹುರುಳಿ ಆರಿಸುತ್ತಿದ್ದಳು.

"ಬರ್ತೇನೆ ಬಾಯೇ, ಬಾರದೆ ಇರ್ತೇನಾ? ಊಟ ಮಾಡ್ತೇನೆ. ಡಾಲಿಗೆ ಹಾಲು ಹಾಕ್ತೇನೆ."

"ವೊವಿ?"

"ನೀನು ಒಳಗೆ ಹೋದ ಕೂಡಲೇ ಹೇಳ್ತೇವೆ."

"ಮಾವ್ಶಿ, ನಾನು ಎರಡು ಸಲ ಕ್ಷಮೆ ಕೇಳಿದ್ದೇನೆ."

"ನಾನು ಕೇಳು ಅಂತ ಹೇಳಿದ್ದೆನಾ? ನಿನಗೆ ಇಷ್ಟ ಇಲ್ಲ, ನಾವು ಹಾಡುವುದಿಲ್ಲ. ಅದರಲ್ಲಿ ಕೋಪ ಎಂತದು?"

"ಈಗ ಇಷ್ಟ ಉಂಟು ಅಂತ ಹೇಳ್ತಾ ಇದ್ದೇನಲ್ಲ!"

ನತಾಲಿನ್ ಒಂದು ಕಲ್ಲನ್ನು ಹೆಕ್ಕಿ ಅಂಗಳಕ್ಕೆ ಎಸೆದಳು. "ಇಷ್ಟ ಅಂದರೆ ಹಲ್ಲಾ, ಬಿದ್ದು ಬೇರೆ ಬರ್ಲಿಕ್ಕೆ? ಬಂದರೂ ಏಳರ ಪ್ರಾಯಕ್ಕೆ ಬರ್ತದೆ ಮಾರಾಯ್ತಿ. ನಲ್ವತ್ತೆರಡಕ್ಕೆ ಬರುವುದನ್ನು ನಾನಂತೂ ನೋಡ್ಲಿಲ್ಲ."

ಕೂಗಾಡಿದ್ದರೆ ತಿರುಗಿ ಕೂಗಬಹುದಿತ್ತು. ಬೈದಿದ್ದರೆ ಬೈಯಬಹುದಿತ್ತು. ಈ ನಗುಮುಖಕ್ಕೆ ಏನು ಮಾಡುವುದು? ಉರ್ಸುಲಾ ಎಲೆಯಡಿಕೆಯನ್ನು ಜಗಲಿಯಲ್ಲಿಟ್ಟು, ಚಪ್ಪಲಿ ಮೆಟ್ಟಲೂ ಮರೆತು ಅರ್ಧ ದಾರಿ ಬಂದು, ಮತ್ತೆ ಹೋಗಿ ಮೆಟ್ಟಿಕೊಂಡು ಬರಬೇಕಾಯಿತು. ನತಾಲಿನ್ ಅದನ್ನೂ ನೋಡಿ ನಕ್ಕಳು.

ಮನೆಯಲ್ಲಿ ಅಲ್ಫೋನ್ಸ್ ಮುಖ ಅರಳಿಸಿ ಕೂತಿದ್ದ. "ಕುದ್ರೋಳಿಯಿಂದ ಬ್ಯಾಂಡ್ ಹೇಳಿ ಬಂದೆ. ಕ್ಲಾರಿಯೊನೆಟ್ ಉಂಟು, ಎರಡು ತುತ್ತೂರಿ ಉಂಟು. ವಾಲ್ಟ್ಸ್ ಬಾರಿಸ್ತಾರಂತೆ. ನಿನಗಾಗಿಯೇ."

"ನನಗೆ ವಾಲ್ಟ್ಸ್ ಬೇಕು ಅಂತ ನಾನು ಯಾವಾಗ ಹೇಳಿದೆ?"

"ಮದುವೆಯ ವರ್ಷ ಹೇಳಿದ್ದಿ."

ಅವಳು ಕಪಾಟಿನ ಕಡೆ ನೋಡಿದಳು. ಪ್ರತಿ ಹುಟ್ಟುಹಬ್ಬಕ್ಕೂ ಅವನು ತಂದುಕೊಟ್ಟ ಪ್ಲೇಟುಗಳು ಅಲ್ಲಿ ಸಾಲಾಗಿ ನಿಂತಿದ್ದವು. ಎಲ್ಲವೂ ಒಂದೇ ಜಾತಿ. ಈ ಗಂಡಸು ಪ್ರತಿ ವರ್ಷವೂ ಇಪ್ಪತ್ತರ ಒಬ್ಬ ಹುಡುಗಿಗೆ ಉಡುಗೊರೆ ತರುತ್ತಿದ್ದ, ನಲ್ವತ್ತೆರಡರ ಹೆಂಗಸು ಅದನ್ನು ಬಿಚ್ಚಿ "ಚೆಂದ ಉಂಟು" ಎನ್ನುತ್ತಿದ್ದಳು. ಕಣ್ಣಿಗೆ ಕನ್ನಡಕ ಬಂದಾಗ ಅವನು ಅದನ್ನು ಒಪ್ಪಿಕೊಂಡಿದ್ದ. ಮೊಣಗಂಟು ಹಿಡಿದಾಗ ಎಣ್ಣೆ ಕಾಸಿ ಕೊಟ್ಟಿದ್ದ. ಕಿವಿ ಮಾತ್ರ ಹೇಗಿತ್ತೋ ಹಾಗೇ ಇರಬೇಕು!

"ವೊವಿ ಹೇಳಿಸಬೇಕು," ಎಂದಳು.

ಡಾಲಿ ಕನ್ನಡಿಯ ಮುಂದಿನಿಂದಲೇ ಕಿಸಕ್ಕನೆ ನಕ್ಕಳು. "ಅಮ್ಮಾ, ನಿನಗೇ ಆಗುವುದಿಲ್ಲ ಅಂತ ಇಡೀ ದೇರೆಬೈಲಿಗೆ ಗೊತ್ತುಂಟು. ವಿಲ್ಲಿ ಮಾಮ ನಿನ್ನೆ ಕೂಡ ಹೇಳಿ ನಗಾಡಿಸಿದ್ರು."

ಹೌದು, ವಿಲ್ಲಿ. ಆ ಹೆಣದ ಮನೆಯ ಮಾತನ್ನು ಇಷ್ಟು ವರ್ಷ ಆರದಂತೆ ಕಾಪಾಡಿದವನು ಅವಳ ಸ್ವಂತ ಅಣ್ಣ. ನಾಮಕರಣ, ತೆನೆಹಬ್ಬ, ಯಾರದೋ ಬೆಳ್ಳಿಹಬ್ಬ, ಎಲ್ಲೇ ನಾಲ್ಕು ಜನ ಕೂಡಲಿ, ಅವನು ಆ ಕತೆಯನ್ನು ಹೊರಗೆ ತೆಗೆಯುತ್ತಿದ್ದ. ವರ್ಷದಿಂದ ವರ್ಷಕ್ಕೆ ಕತೆಗೆ ಕೈಕಾಲು ಬರುತ್ತಿದ್ದವು. ಈಗೀಗ ಅದರಲ್ಲಿ ಉರ್ಸುಲಾ ಹಾಲಿನ ಬೋಗುಣಿಯನ್ನು ಒದ್ದದ್ದೂ ಸೇರಿತ್ತು.

ರೋಸಿನ ಸಂಜೆ ಚಪ್ಪರ ತುಂಬಿತು. ಬ್ಯಾಂಡಿನವರು ಮೂರು ವಾಲ್ಟ್ಸ್ ಬಾರಿಸಿ ಊಟಕ್ಕೆ ಹೋದರು. ಡಾಲಿ ಮಣೆಯ ಮೇಲೆ ಕೂತಳು. ಪಕ್ಕದಲ್ಲಿ ದೊಡ್ಡ ಬೋಗುಣಿಯಲ್ಲಿ ತೆಂಗಿನಹಾಲು. ಬೆಳಿಗ್ಗೆಯಿಂದ ಉರ್ಸುಲಾ ತಾನೇ ಹಿಂಡಿದ್ದು. ಚಾಪೆಯ ಮೇಲೆ ನತಾಲಿನ್ ಮತ್ತು ಐದು ಮಂದಿ ಹೆಂಗಸರು ಮಡಿಲಲ್ಲಿ ಕೈಯಿಟ್ಟು, ಎಲೆ ಜಗಿಯುತ್ತಾ, ಯಾವುದೋ ಬಸ್ಸಿಗೆ ಕಾದವರ ಹಾಗೆ ಕೂತಿದ್ದರು.

ಹಾಲು ಎತ್ತುವ ಹೊತ್ತಾಯಿತು. ವೊವಿ ಇಲ್ಲ. ಹಿರಿಯರು ಮುಖ ಮುಖ ನೋಡಿಕೊಂಡರು. ವಿಲ್ಲಿಗೆ ಇಷ್ಟೇ ಸಾಕಿತ್ತು.

"ಯಾಕೆ ವೊವಿ ಇಲ್ಲ ಗೊತ್ತುಂಟಾ?" ಎಂದು ಹೊಟ್ಟೆಯ ಮೇಲೆ ಕೈಯಿಟ್ಟು ಎದ್ದು ನಿಂತ. "ನನ್ನ ತಂಗಿ ಇದ್ದಾಳಲ್ಲ, ಹಾಲಲ್ಲಿ ಮುಳುಗಿದ ಇಲಿಯ ಹಾಗೆ ಕೂತಿದ್ದಳು..."

ಚಪ್ಪರ ನಕ್ಕಿತು. ಡಾಲಿ ನಕ್ಕಳು. ನತಾಲಿನ್ ಕೂಡ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಉರ್ಸುಲಾ ನಗುವವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಅವರಾರ ಕಣ್ಣಲ್ಲೂ ದ್ವೇಷ ಇರಲಿಲ್ಲ. ಅವಳು ಅವರಿಗೆ ಒಂದು ಒಳ್ಳೆಯ ಕತೆ. ಆ ಕತೆ ಬದಲಾಗುವುದು ಅವರಿಗೆ ಬೇಕಾಗಿರಲಿಲ್ಲ, ಅಷ್ಟೇ.

ಅಲ್ಫೋನ್ಸ್ ಹತ್ತಿರ ಬಂದು ಪಿಸುಗುಟ್ಟಿದ. "ಹಿರಿಯರು ಕಾಯ್ತಾ ಇದ್ದಾರೆ. ಹರಕೆಯ ಹಾಡಿಲ್ಲದೆ ಹಾಲು ಹಾಕ್ಲಿಕ್ಕೆ ಆಗ್ತದಾ? ನೀನು ಒಂದು ಗಳಿಗೆ ಒಳಗೆ ಹೋಗು. ಎರಡು ವೊವಿ ಹೇಳಲಿ. ಮತ್ತೆ ಬಂದು ಹಾಲು ಹಾಕು."

"ನನ್ನ ಮಗಳ ರೋಸಿಗೆ ನಾನು ಒಳಗೆ?"

"ಕಿರಿಕಿರಿ ಮಾಡ್ಬೇಡ ಉರ್ಸುಲಾ. ಜನ ನೋಡ್ತಾರೆ."

ಜನ ನೋಡುತ್ತಾರೆ ಎಂಬ ಮಾತಿಗೆ ಅವಳ ಕಾಲು ಯಾವತ್ತೂ ತಾನಾಗಿ ಹೆಜ್ಜೆ ಹಾಕುತ್ತಿತ್ತು. ಇಂದೂ ಹಾಕಿತು. ಹೊಸ್ತಿಲು ದಾಟಿ ಇನ್ನೂ ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಹಿಂದಿನಿಂದ ನತಾಲಿನ್ ಸ್ವರ ಎದ್ದಿತು. ಅರವತ್ತೈದು ದಾಟಿದ, ಒರಟಾದ, ಎಲ್ಲೂ ಅಲ್ಲಾಡದ ಸ್ವರ. ಮೊದಲನೆಯದು ಶಿಲುಬೆಯ ಗುರುತಿನ ವೊವಿ. ಹೆಂಗಸರು ಕೂಡಿಕೊಂಡು ಮುಗಿಸಿದರು. ನಂತರ ಎರಡನೆಯದು:

"ತಾಯಿ ಹಿಂಡಿದ ಹಾಲು ಬಾಯೇ, ತಾಯ ಕೈಯೇ ಹೊಯ್ಯಲಿ..."

ಕತ್ತಲೆಯ ನಡುಮನೆಯಲ್ಲಿ ಉರ್ಸುಲಾ ನಿಂತಲ್ಲೇ ನಿಂತಳು. ತಾಯಿಯನ್ನು ಗೋಡೆಯ ಹಿಂದೆ ಕಳಿಸಿ ತಾಯ ಕೈಯನ್ನು ಹಾಡುತ್ತಿದ್ದಾರೆ! ಏಳು ವರ್ಷ ಬಾವಿಕಟ್ಟೆಯ ಮರೆಯಲ್ಲಿ ನಿಂತು ಕೇಳಿದ್ದನ್ನು ಅವಳು ತನ್ನ ಪ್ರಾಯಶ್ಚಿತ್ತ ಎಂದುಕೊಂಡಿದ್ದಳು. ಪ್ರಾಯಶ್ಚಿತ್ತ ಅಲ್ಲ, ಹೇಡಿತನ. ಎರಡು ಸಲ ಕ್ಷಮೆ ಕೇಳಿದ್ದಳು, ಒಂದು ಸಲವೂ ಹಾಡಿರಲಿಲ್ಲ. ಅವಳು ತಿರುಗಿದಳು. ಬಾಗಿಲಿಗೆ ಬಂದು ಚಪ್ಪರದ ಬೆಳಕಿನಲ್ಲಿ ನಿಂತಳು.

ನತಾಲಿನ್ ಅವಳನ್ನು ಕಂಡಳು. ಕಂಡ ಕೂಡಲೇ, ಇಪ್ಪತ್ತನಾಲ್ಕು ವರ್ಷದ ರೂಢಿಯಂತೆ, ಬಾಯಿ ಮುಚ್ಚಿದಳು. ಯಜಮಾನ್ತಿ ನಿಲ್ಲಿಸಿದ್ದರಿಂದ ಉಳಿದ ಐವರೂ ನಿಲ್ಲಿಸಿದರು.

ವೊವಿ ಅರ್ಧದಲ್ಲಿ ನಿಂತಿತು.

ಎತ್ತಿದ ವೊವಿಯನ್ನು ಮದುಮಗಳ ತಲೆಯ ಮೇಲೆ ಅರ್ಧಕ್ಕೆ ಬಿಡಬಾರದು. ಹಾಡುಗಾರ್ತಿಗೆ ಕೆಮ್ಮು ಬಂದರೂ ಪಕ್ಕದವಳು ಮುಗಿಸಬೇಕು. ಅರ್ಧ ಹರಕೆ ಅರ್ಧ ಶಾಪ ಎನ್ನುತ್ತಾರೆ. ಚಪ್ಪರದ ನಗು ಒಮ್ಮೆಗೇ ಆರಿತು. ಯಾರೋ ಎದೆಯ ಮೇಲೆ ಶಿಲುಬೆ ಎಳೆದುಕೊಂಡರು. ನತಾಲಿನ್ ಮುಖದಲ್ಲಿ ಮೊದಲ ಬಾರಿ ಆ ನಗು ಇರಲಿಲ್ಲ. ತಾನು ಏನು ಮಾಡಿದೆ ಎಂದು ಅವಳಿಗೆ ಗೊತ್ತಾಗಿತ್ತು. ಮುಗಿಸು ಎಂದು ಪಕ್ಕದವಳನ್ನು ಮೊಣಕೈಯಿಂದ ತಿವಿದಳು, ಪಕ್ಕದವಳು ಉರ್ಸುಲಾಳನ್ನೇ ನೋಡುತ್ತಿದ್ದಳು.

ಉರ್ಸುಲಾ ಯಾರ ಮುಖವನ್ನೂ ನೋಡದೆ ನೇರ ಮಣೆಯ ಬಳಿ ಹೋದಳು. ತಂಬಿಗೆಯನ್ನು ಬೋಗುಣಿಯಲ್ಲಿ ಅದ್ದಿ ಎತ್ತಿದಳು. ಹಾಡಿದಳು:

"ಹೊಯ್ದ ಹಾಲು ಹರಿದ ಕಡೆ ಹೊಸ ಮನೆಯು ಏಳಲಿ."

ರಾಗ ಸರಿಯಿತ್ತು. ಆದರೆ ಕಾನ್ವೆಂಟಿನ ಗಂಟಲು, ಜೊತೆಗೆ ಸಿಟ್ಟು. ಸ್ವರ ಚಪ್ಪರದ ತೆಂಗಿನ ಮಡಲಿಗೆ ತಾಗುವಷ್ಟು ಮೇಲೆ ಹೋಗಿ ನಡುಗಿತು. ಹಿಂದಿನ ಸಾಲಿನಲ್ಲಿ ಯಾರೋ ಮುಸಿ ಮುಸಿ ನಕ್ಕರು. ವಿಲ್ಲಿ ಬಾಯಿ ತೆರೆದ.

"ವಿಲ್ಲಿಯಣ್ಣಾ," ಎಂದಳು ಉರ್ಸುಲಾ ತಿರುಗಿಯೂ ನೋಡದೆ, "ಕತೆ ಹೇಳುವುದಾದರೆ ರಸ್ತೆಗೆ ಹೋಗು. ಇಲ್ಲಿ ಹಾಡು ನಡೀತಾ ಉಂಟು."

ವಿಲ್ಲಿ ತೆರೆದ ಬಾಯಿಗೆ ಎಲೆಯಡಿಕೆ ಹಾಕಿಕೊಂಡು ಕೂತ.

ಚಾಪೆಯ ಕಡೆಯಿಂದ ನತಾಲಿನ್ ಸ್ವರ ಬಂತು, ಗೊಗ್ಗರು, ಸಿಡುಕು. "ಎತ್ತರ ಆಯಿತು. ಅಷ್ಟು ಎತ್ತರಕ್ಕೆ ನಮ್ಮದು ಯಾರದ್ದೂ ಬರುವುದಿಲ್ಲ. ಇಳಿಸು."

"ನೀವು ಎತ್ತಿಕೊಡಿ, ಇಳಿಸ್ತೇನೆ."

"ರಾಗ ಎಲ್ಲಿ ಕಲ್ತದ್ದು?"

"ನೀವು ನನ್ನನ್ನು ಓಡಿಸಿದ ಕಡೆಯಲ್ಲೆಲ್ಲ."

ಚಾಪೆಯ ಮೇಲೆ ಯಾರೂ ಸರಿದು ಜಾಗ ಕೊಡಲಿಲ್ಲ. ಉರ್ಸುಲಾ ತಂಬಿಗೆಯನ್ನು ಅಲ್ಫೋನ್ಸನ ಕೈಗೆ ಕೊಟ್ಟು, ಚಾಪೆ ಮುಗಿಯುವಲ್ಲಿ, ಸೆಗಣಿ ಸಾರಿಸಿದ ಬರಿ ನೆಲದ ಮೇಲೆ, ರೇಷ್ಮೆ ಸೀರೆಯ ಸಮೇತ ಕೂತಳು. ಮೊಣಗಂಟು ನೋಯಿತು. ನತಾಲಿನ್ ಅವಳನ್ನು ಓರೆಯಾಗಿ ನೋಡಿದಳು. ಬಾಯಿಯ ಎಲೆಯನ್ನು ಪಕ್ಕದ ತಟ್ಟೆಗೆ ಉಗಿದು, ಹೊಸ ವೊವಿಯೊಂದನ್ನು ಸ್ಥಳದಲ್ಲೇ ಕಟ್ಟಿ ಎತ್ತಿದಳು:

"ಮಗಳ ರೋಸಿನ ಸಂಜೆಯಂದು ತಾಯಿ ಶಾಲೆಗೆ ಸೇರಿದಳು..."

ಐವರು ಹೆಂಗಸರಿಗೂ ಎರಡನೆಯ ಸಾಲು ಗೊತ್ತಿರಲಿಲ್ಲ. ಗೊತ್ತಿರಲು ಅದು ಇನ್ನೂ ಹುಟ್ಟಿರಲೇ ಇಲ್ಲ. ಎಲ್ಲರ ಕಣ್ಣೂ ಉರ್ಸುಲಾಳ ಮೇಲೆ. ಅವಳು ಈ ಸಲ ಕೆಳಗಿನಿಂದ, ಎದೆಯೊಳಗಿಂದ ಹಿಡಿದಳು:

"ಬಾಗಿಲು ಮುಚ್ಚಿದ ಶಾಲೆಯಲ್ಲಿ ಬೇಲಿ ಹಾರಿ ಕಲಿತಳು."

ಹೆಂಗಸರು ಆ ಸಾಲನ್ನು ತಿರುಗಿ ಹೇಳಿದರು. ಐದು ಸ್ವರಗಳ ನಡುವೆ ತನ್ನದು ಎಲ್ಲಿ ಮುಗಿಯುತ್ತದೆ, ಪಕ್ಕದವಳದ್ದು ಎಲ್ಲಿ ಶುರುವಾಗುತ್ತದೆ ಎಂದು ಉರ್ಸುಲಾಗೆ ತಿಳಿಯಲಿಲ್ಲ. ಆದರೂ ಸಿಟ್ಟು ಇಳಿಯಲಿಲ್ಲ. ಇದಕ್ಕಾಗಿ ಇಪ್ಪತ್ತನಾಲ್ಕು ವರ್ಷ ಬೇಕಾಗಿತ್ತೇ?

ನತಾಲಿನ್ ಬಗ್ಗಿ ಅವಳ ಕಿವಿಯ ಹತ್ತಿರ ಹೇಳಿದಳು, "ಕೋಪದಲ್ಲಿ ವೊವಿ ಹೇಳಬಾರದು ಬಾಯೇ. ಮೊದಲು ಕೋಪ ಇಳಿಸು."

"ಕೋಪ ಇಳಿಯುವವರೆಗೆ ಕಾದರೆ ಡಾಲಿಯ ಮಗಳ ರೋಸ್ ಬರ್ತದೆ ಮಾವ್ಶಿ. ಮುಂದಿನದು ಎತ್ತಿ."

ಮಣೆಯ ಮೇಲಿನಿಂದ ಡಾಲಿ ಕಿರುಚಿದಳು. ಅಲ್ಫೋನ್ಸ್ ಗಾಬರಿಯಲ್ಲಿ ತಂಬಿಗೆಯನ್ನು ಪೂರ್ತಿ ಬಗ್ಗಿಸಿಬಿಟ್ಟಿದ್ದ. "ಅಮ್ಮಾ, ಕಣ್ಣಿಗೆ ಹೋಯ್ತು! ನಿಲ್ಸಿ, ಸಾಕು!"

"ಕಣ್ಣು ಮುಚ್ಚಿ ಕೂತುಕೋ," ಎಂದಳು ಉರ್ಸುಲಾ. ನತಾಲಿನ್ ಆಗಲೇ ಮುಂದಿನ ಸಾಲನ್ನು ಎತ್ತಿದ್ದಳು.