ಯಾರ ಕಿಡ್ನಿ

ನನ್ನ ಗಂಡನಿಗೆ ಕಿಡ್ನಿ ಕೊಡುವವಳು ನಾನೇ ಆಗಬೇಕೆಂದು ಹಟ ಹಿಡಿದದ್ದು ತ್ಯಾಗಬುದ್ಧಿಯಿಂದಲ್ಲ, ಅಪ್ಪಟ ಹೊಟ್ಟೆಕಿಚ್ಚಿನಿಂದ. ಅತ್ತೆ ಜಯಲಕ್ಷ್ಮಮ್ಮನವರದೂ ಹೊಂದುತ್ತದೆ, ನನ್ನದೂ ಹೊಂದುತ್ತದೆ, ಯಾರೆಂದು ಮನೆಯಲ್ಲೇ ಮಾತಾಡಿಕೊಂಡು ಸೋಮವಾರ ತಿಳಿಸಿ ಎಂದು ಶಿವಮೊಗ್ಗದ ಡಾಕ್ಟರು ಹೇಳಿ ಕಳಿಸಿದ್ದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅಮ್ಮ ಮಗ ಮುಂದಿನ ಸೀಟಿನಲ್ಲಿ ಜೊತೆಯಾಗಿ ಕೂತರು. ತರೀಕೆರೆ ದಾಟಿ ಕಡೂರು ಬರುವವರೆಗೂ ನಾನು ಹಿಂದಿನಿಂದ ಆ ಎರಡು ತಲೆಗಳನ್ನೇ ನೋಡುತ್ತಿದ್ದೆ.

ಮದುವೆಯಾದಾಗಿನಿಂದ ಇದೇ ಪಾಡು. ನಾನು ಎಂಥ ಸಾರು ಮಾಡಿದರೂ ‘ಅಮ್ಮನ ಕೈರುಚಿ ಬೇರೆ’ ಎನ್ನುವ ಮನುಷ್ಯ ಇವರು. ಈಗ ಅಮ್ಮನ ಕಿಡ್ನಿಯೂ ಇವರ ಹೊಟ್ಟೆ ಸೇರಿಬಿಟ್ಟರೆ ನನಗೆ ಉಳಿಯುವುದೇನು? ಅಜ್ಜಂಪುರದಿಂದ ನನ್ನ ಅಮ್ಮ ಫೋನು ಮಾಡಿ, “ಅವರೇ ಕೊಡ್ಲಿ ಬಿಡೇ ಅನುಪಮಾ, ನಿಂಗ್ಯಾಕೆ ಉಸಾಬರಿ?” ಎಂದಾಗ ಮೈ ಇನ್ನಷ್ಟು ಉರಿಯಿತು.

ನನ್ನ ಗಂಡ ಅಭಿಲಾಷ್‌ಗೆ ಕಡೂರಿನಲ್ಲಿ ಪಂಪ್‌ಸೆಟ್ ಮೋಟರ್ ರಿಪೇರಿ ಅಂಗಡಿ. ತಮ್ಮ ಕಾಯಿಲೆಯನ್ನು ಗಿರಾಕಿಗಳಿಗೆ ಅವರೇ ನಗುತ್ತಾ ವಿವರಿಸುತ್ತಾರೆ. “ಫುಟ್‌ವಾಲ್ವ್ ಕೆಟ್ರೆ ಪೈಪಲ್ಲಿರೋ ನೀರು ವಾಪಸ್ ಹೋಗಲ್ವಾ? ನಂದೂ ಹಂಗೇ ಕಣ್ರೀ. ಹುಟ್ಟಿದಾಗಿಂದ್ಲೂ ಉಚ್ಚೆ ಕೆಳಗಿಳಿಯೋ ಬದ್ಲು ವಾಪಸ್ ಕಿಡ್ನಿಗೆ ಹತ್ತಿಬಿಡ್ತಿತ್ತು.” ಹಾಗೆ ಹತ್ತುವಾಗ ಸೋಂಕನ್ನೂ ಜೊತೆಗೆ ಒಯ್ಯುತ್ತಿತ್ತು. ಜ್ವರ ಬಂದಾಗಲೆಲ್ಲ ಕಿಡ್ನಿಗೆ ಗಾಯ, ಗಾಯ ಒಣಗಿದ ಮೇಲೆ ಕಲೆ. ಬಿಪಿ ಏರಿದೆಯೆಂದು ಹೋದ ವರ್ಷ ಪರೀಕ್ಷೆ ಮಾಡಿಸಿದರೆ ಎರಡೂ ಮುದುಡಿ ಸಣ್ಣಗಾಗಿದ್ದವು. ಅವರು ಚಿಕ್ಕವರಿದ್ದಾಗ ಸಖರಾಯಪಟ್ಟಣದ ಮನೆಯಲ್ಲಿ ಆ ಜ್ವರಕ್ಕೆ ಇದ್ದ ಹೆಸರು ಉಷ್ಣ. ತೆಂಗಿನ ತೋಟವಿದ್ದ ಮೇಲೆ ಕೇಳಬೇಕೇ? ಎಳನೀರು ಕುಡಿಸಿ, ನೆತ್ತಿಗೆ ಹರಳೆಣ್ಣೆ ತಟ್ಟಿ ಮಲಗಿಸಿದರೆ ಮುಗಿಯಿತು.

ಭಾನುವಾರ ಬೆಳಿಗ್ಗೆ ಅವರು ಅಂಗಡಿಗೆ ಹೋಗಿದ್ದರು. ನಮ್ಮ ಐದು ವರ್ಷದ ಮಗಳು ಶರಣ್ಯಾ ಮೈ ಬಿಸಿಯಾಗಿದೆಯೆಂದು ಒಳಗೆ ಮಲಗಿದ್ದಳು. ಅತ್ತೆ ಅಡುಗೆಮನೆಯಲ್ಲಿ ಹುರುಳಿಕಾಯಿಯ ನಾರು ಬಿಡಿಸುತ್ತಿದ್ದರು. ಇದೇ ಸಮಯವೆಂದು ಶುರುಮಾಡಿದೆ.

“ಅತ್ತೆ, ನಾನೇ ಕೊಡ್ತೀನಿ. ನಿಮಗೆ ವಯಸ್ಸಾಯ್ತು.”

“ನಂದು ಗಟ್ಟಿಯಾಗೈತೆ ಅಂತ ಡಾಕ್ಟ್ರೇ ಅಂದವ್ರೆ.”

“ನೀವು ಹೆರೋವಾಗ ಕೊಟ್ಟ ಎರಡನ್ನೂ ಎಳನೀರು ಕುಡಿಸಿ ಕೆಡಿಸಿದ್ದಾಯ್ತಲ್ಲ. ಮೂರನೇದು ನಂದಿರ್ಲಿ.”

ಬಾಯಿತಪ್ಪಿ ಬಂದ ಮಾತಲ್ಲ, ಬಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದೆ. ಅತ್ತೆ ಅಳುತ್ತಾರೆಂದು ಕಾದೆ. ಅಳಲಿಲ್ಲ.

“ಹೂಂ ಕಣೇ, ನಾನೇ ಕೆಡಿಸ್ದೆ. ಆಗ ಗೊತ್ತಿರ್ಲಿಲ್ಲ, ಈಗ ಗೊತ್ತೈತೆ. ಅದ್ಕೇ ಹೇಳ್ತಿರೋದು, ನೀನು ಕೊಡ್ಬ್ಯಾಡ.”

“ಯಾಕೆ? ಅವರೇನು ನಿಮ್ಮೊಬ್ಬರ ಸ್ವತ್ತಾ?”

“ಮಗೂಗೆ ಈ ವರ್ಷ ಎಷ್ಟು ಸಲ ಜ್ವರ ಬಂತು?”

“ಸ್ಕೂಲಿಗೆ ಹೋಗೋ ಮಕ್ಕಳಿಗೆ ಬರದೇ ಇರುತ್ತಾ?”

“ನೆಗಡಿ ಇತ್ತಾ? ಕೆಮ್ಮಿತ್ತಾ?”

ಯೋಚಿಸಿದೆ. ಇರಲಿಲ್ಲ.

“ಬೆಳಿಗ್ಗೆ ಬಚ್ಚಲಿಗೆ ಕರ್ಕೊಂಡೋದೆ. ಉರೀತೈತೆ ಅಜ್ಜಿ, ಹೋಗಲ್ಲ ಅಂತ ಕಾಲು ಹೆಣ್ಕೊಂಡು ನಿಂತ್ಲು. ಇವಳಪ್ಪನೂ ಹಿಂಗೇ ನಿಂತ್ಕತಿದ್ದ. ಇದು ಅಪ್ಪನಿಂದ ಮಕ್ಕಳಿಗೂ ಬರ್ಬೋದು, ಒಂದ್ಸಲ ನೋಡಿಸ್ಬಿಡಿ ಅಂತ ಡಾಕ್ಟ್ರು ಹೇಳಿದ್ರಲ್ಲ. ನೀನು ಕೇಳಿಸ್ಕೊಳ್ಲಿಲ್ಲ, ನನ್ನೇ ದುರುಗುಟ್ಟಿ ನೋಡ್ತಿದ್ದೆ.”

ನಾನು ಮಗಳು ಮಲಗಿದ್ದ ಕೋಣೆಯ ಕಡೆ ತಿರುಗಿದೆ.

“ಈಗ್ಲೇ ಕರ್ಕೊಂಡೋಗು, ಉಚ್ಚೆ ಪರೀಕ್ಷೆ ಮಾಡಿಸು. ಚಿಕ್ಕವಳು, ಹೊತ್ತಿಗೆ ಸರಿಯಾಗಿ ನೋಡ್ಕೊಂಡ್ರೆ ವಾಸಿಯಾಗ್ಬೋದು. ಆಗ್ಲಿ ಅಂತ್ಲೇ ನಂಗೂ ಆಸೆ. ಆದ್ರೂ ನಾಳೆ ದಿನ ಅವಳಿಗೇ ಬೇಕಾದ್ರೆ? ಅಷ್ಟೊತ್ತಿಗೆ ನಾನಿರ್ತೀನಾ? ನಂದು ನನ್ನ ಮಗನಿಗೆ ಹೋಗ್ಲಿ. ನಿಂದು ನಿನ್ನ ಮಗಳಿಗಿರ್ಲಿ.”

ಅಂಥ ಹೊತ್ತಿನಲ್ಲೂ ನನಗೆ ಮೊದಲು ಹತ್ತಿಕೊಂಡದ್ದು ಹೊಟ್ಟೆಕಿಚ್ಚೇ. ನನ್ನ ಮಗಳ ಸಂಕಟವನ್ನೂ ನನಗಿಂತ ಮೊದಲು ಇವರೇ ಕಂಡುಹಿಡಿದುಬಿಟ್ಟರಲ್ಲ! ಆಮೇಲೆ ಈ ವರ್ಷ ಬಂದ ಜ್ವರಗಳನ್ನು ಬೆರಳು ಮಡಿಸಿ ಎಣಿಸಿದೆ. ಸೋಮವಾರ ಯಾರ ಹೆಸರು ಹೇಳಬೇಕೆಂಬುದರಲ್ಲಿ ಇನ್ನು ಮಾತೇ ಇರಲಿಲ್ಲ.

ಒಳಗೆ ಹೋಗಿ ಶರಣ್ಯಾಳನ್ನು ಎತ್ತಿಕೊಂಡೆ. ಮೈ ಕೆಂಡದಂತಿತ್ತು. ಕಣ್ಣು ಬಿಡದೆಯೇ ನನ್ನ ಕುತ್ತಿಗೆಗೆ ಕೈ ಹಾಕಿ, “ಅಜ್ಜೀ” ಎಂದಳು.

“ಅಜ್ಜಿ ಅಲ್ಲ ಕಣೇ,” ಎಂದೆ. “ಅಮ್ಮ.”