ಹದಿನೆಂಟು ಡಿಗ್ರಿ

ಗಿಡವಾಗಿ ಬಗ್ಗಿದ್ದು ಮರವಾಗಿ ನೆಟ್ಟಗಾದೀತೇ? ಗಾದೆಯ ಸೊಂಟ ಮುರಿದದ್ದು ಕನ್ನಡ ಮೇಷ್ಟ್ರು ನಾಗಾರ್ಜುನನೇ. ಒಗ್ಗರಣೆ ಹಾಕದ ನಿಜದ ಕಥೆ ಇದು.

ಒಂದು ವರ್ಷದಿಂದ ಅವನು ಮಗಳು ಲಹರಿಯ ಬೆನ್ನು ಬಿದ್ದಿದ್ದ, ಅಕ್ಷರಶಃ. "ನೆಟ್ಟಗೆ ಕೂತ್ಕೊಳೇ, ಗೂನು ಬೀಳುತ್ತೆ." ಹನ್ನೆರಡರ ಹುಡುಗಿ ನೆಟ್ಟಗಾಗುತ್ತಿದ್ದಳು. ಬಲಹೆಗಲು ಮಾತ್ರ ಮೇಲೇ ಉಳಿಯುತ್ತಿತ್ತು. ಮೊಂಡುತನ ಅಂದುಕೊಂಡ.

ಈ ಬೆಳಿಗ್ಗೆ ಜಯಲಕ್ಷ್ಮಿಪುರಂನ ಮೂಳೆ ಡಾಕ್ಟರು ಚಾಮುಂಡೇಶ್ವರಿ, "ಬಗ್ಗು ಪುಟ್ಟಾ, ಕೈ ಇಳಿಬಿಡು" ಅಂದರು. ಬಗ್ಗಿದಳು. ಬೆನ್ನಿನ ಬಲಭಾಗ ದಿಬ್ಬವಾಗಿ ಎದ್ದಿತು. ಎಕ್ಸ್‌ರೇಯಲ್ಲಿ ಬೆನ್ನುಮೂಳೆ ಪಕ್ಕಕ್ಕೆ ಬಳುಕಿತ್ತು.

"ಹದಿನೆಂಟು ಡಿಗ್ರಿ."

"ನಮ್ಮಪ್ಪಂಗೆ ಎರಡೇ! ಎಂ.ಎ., ಬಿ.ಎಡ್." ಅಂದಳು ಲಹರಿ.

ಡಾಕ್ಟರು ನಕ್ಕರು. ನಾಗಾರ್ಜುನ ತುಟಿ ಅಗಲಿಸಿದ.

"ಬ್ಯಾಗಿನ ಭಾರಕ್ಕಾ ಮೇಡಂ? ಇವಳು ಕೂರೋದೇ ಹಂಗೆ..."

"ಎರಡೂ ಅಲ್ಲ. ಬೆಳೆಯೋ ವಯಸ್ಸಲ್ಲಿ ಕೆಲವು ಮಕ್ಕಳಿಗೆ ಹೀಗಾಗುತ್ತೆ, ಯಾಕೆ ಅಂತ ಬಹಳ ಸಲ ಗೊತ್ತಾಗಲ್ಲ. ಕೆಲವು ಮನೆತನದಲ್ಲೇ ಇರುತ್ತೆ. ಆರು ತಿಂಗಳಿಗೆ ಮತ್ತೆ ನೋಡೋಣ, ಹೆಚ್ಚಾದ್ರೆ ಬೆನ್ನಿಗೆ ಬೆಲ್ಟು ಹಾಕೋಣ. ಬೈದ್ರೆ ನೆಟ್ಟಗಾಗಲ್ಲ ಸಾರ್."

ಬೈಯುತ್ತೇನೆಂದು ಯಾರು ಹೇಳಿದರು? ಲಹರಿ ಫ್ಯಾನು ನೋಡುತ್ತಿದ್ದಳು.

ದಾರಿಯುದ್ದಕ್ಕೂ ಸ್ಕೂಟರ್ ಮೇಲೆ ಒಂದೇ ಮಾತು ಬಾಯಲ್ಲಿ ಸುತ್ತಿತು: ತಪ್ಪಾಯ್ತು ಕಣಮ್ಮ. ಹದಿನೈದು ವರ್ಷ ವ್ಯಾಕರಣ ಕಲಿಸಿದವನಿಗೆ ಎರಡು ಪದ ಕೂಡಿಸಲಾಗಲಿಲ್ಲ.

"ದೋಸೆ ತಿಂತೀಯಾ?" ಅಂದ.

"ಹ್ಞೂಂ."

ತಿಂದರು. ಬೆಣ್ಣೆ ಚೆನ್ನಾಗಿತ್ತು.

ದಟ್ಟಗಳ್ಳಿಯ ಮನೆಯಲ್ಲಿ ಹೆಂಡತಿ ಕುಸುಮ ಎಲ್ಲ ಕೇಳಿ, "ಸದ್ಯ, ಇಷ್ಟೇ ತಾನೆ" ಎಂದು ನಿಟ್ಟುಸಿರಿಟ್ಟಳು.

"ಅಪ್ಪಂಗೂ ಇರ್ಬೋದು ಕಣಮ್ಮ, ಮನೆತನದ್ದಂತೆ" ಅಂದಳು ಲಹರಿ. ಆಮೇಲೆ ಥೇಟ್ ಡಾಕ್ಟರ ದನಿ: "ಬಗ್ಗಿ ಸಾರ್. ಕೈ ಇಳಿಬಿಡಿ. ಇನ್ನೂ."

ಬಗ್ಗಿದ. ಬೆರಳು ಅವಳ ಪಾದದ ಹತ್ತಿರ ಬಂತು.

ತಲೆಯ ಮೇಲೊಂದು ಪುಟ್ಟ ಅಂಗೈ ಕೂತಿತು. ಈಗ ಲಹರಿ ಹಿಡಿದ ದನಿ ಅವನದೇ, ಕ್ಲಾಸಿನ ಗತ್ತಿನದು: "ಆಯ್ತಾಯ್ತು, ಕಾಲಿಗೆ ಬಿದ್ರಲ್ಲ, ಕ್ಷಮಿಸಿದೀನಿ. ದೀರ್ಘಾಯುಷ್ಮಾನ್ ಭವ!"

ಕುಸುಮ ನಗುತ್ತಾ ಕುಸಿದಳು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ನಾಗಾರ್ಜುನ. ನಗು ನೆಲದ ಟೈಲ್ಸಿಗೆ ಬಡಿದು ಅವನ ಮುಖಕ್ಕೇ ವಾಪಸಾಗುತ್ತಿತ್ತು. ಏಳಿ ಅಂತ ಯಾರೂ ಅನ್ನಲಿಲ್ಲ. ಅವನೂ ಏಳಲಿಲ್ಲ.