ಮಸ್ಕಿಯ ಕಲ್ಲಿಗೆ ಒಡೆದ ಕಾಯಿ

“ಯವ್ವಾ, ಪಂಪಮ್ಮನೋರು ಏನು ಕೇಳಿದ್ರೂ ನೀ ಬಾಯಿ ಬಿಡಬ್ಯಾಡ.”

ಮಸ್ಕಿಯ ಗುಡ್ಡ ಹತ್ತುತ್ತ ಹುಲುಗೇಶ್ ಮತ್ತೆ ಪಿಸುಗುಟ್ಟಿದ. ಗಾಳೆಮ್ಮ ಏದುಸಿರು ಬಿಡುತ್ತ ಮಗನ ಮುಖ ನೋಡಿದಳು. “ನಾ ಎಲ್ಲಿ ಮಾತಾಡೀನಪಾ,” ಅಂದಳು.

ಕೂಡ್ಲಿಗಿಯ ಕಾಲೇಜಿನಲ್ಲಿ ಇತಿಹಾಸ ಹೇಳುವ ಹುಲುಗೇಶನಿಗೆ ಊರೆಲ್ಲ ಅಲೆದ ಮೇಲೆ ಸಿಕ್ಕ ಬಾಡಿಗೆ ಮನೆ ಗುರುಸಂಗಪ್ಪನವರದು. ಬೀಗದಕೈ ಕೊಡುವ ಮೊದಲು ಅವರು ಕೇಳಿದ್ದು ಒಂದೇ ಮಾತು: “ಯಾವ ಪೈಕಿ ಸರ ನೀವು?” ಹಲವಾಗಲಿನ ಕೇರಿಯಲ್ಲಿ ಹುಟ್ಟಿದವನ ನಾಲಿಗೆ “ನಿಮ್ಮ ಪೈಕೀನ್ರಿ” ಎಂದುಬಿಟ್ಟಿತ್ತು. ಅಂದಿನಿಂದ ಆ ನಾಲಿಗೆಗೆ ಅವನೇ ಕಾವಲುಗಾರ. ಬೌದ್ಧ ದೀಕ್ಷೆ ತೆಗೆದುಕೊಂಡಾಗ ತಂದ ಬುದ್ಧ ಷೋಕೇಸಿನಲ್ಲಿದ್ದಾನೆ. ಯಾರೋ ಮದುವೆಗೆ ಕೊಟ್ಟದ್ದು ಎಂದು ಹೇಳಿಯಾಗಿದೆ. ನಿಜ ತಿಳಿದರೆ ಸಾಮಾನೆಲ್ಲ ಬೀದಿಗೆ.

ಊರಿನಿಂದ ಅವ್ವ ಬಂದದ್ದೇ ತಡ, ಮನೆಯೊಡತಿ ಪಂಪಮ್ಮ ಎಲ್ಲರನ್ನೂ ತಮ್ಮ ಕಾರಿಗೆ ಹತ್ತಿಸಿಕೊಂಡು ಮಸ್ಕಿ ನೋಡಲು ಹೊರಟಿದ್ದರು. ಹುಲುಗೇಶ್ ಹೆದರುತ್ತಿದ್ದದ್ದು ಈ ಪ್ರೀತಿಗೇ.

ಶಾಸನದ ಬಂಡೆಯ ಮುಂದೆ ಗುರುಸಂಗಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತರು. “ಏನು ಬರದೈತ್ರೀ ಸರ ಇದ್ರಾಗ?”

“ದೊಡ್ಡೋರಿಗಷ್ಟ ಅಲ್ಲ, ಧರ್ಮದಾಗ ನಡದ್ರ ಸಣ್ಣೋರಿಗೂ ಸಿಗತೈತಿ ಅಂತ ಅಶೋಕ ಬರಸ್ಯಾನ್ರಿ.”

“ಏನು ಸಿಗತೈತ್ರಿ?”

ವರ್ಷವರ್ಷವೂ ಪಾಠ ಮಾಡಿದವನು ಬಂಡೆಯ ಅಕ್ಷರಗಳತ್ತ ಕಣ್ಣು ತಿರುಗಿಸಿದ. “ಸ್ವರ್ಗ ಅಂತಾರ್ರಿ,” ಅಂದ.

ಅಷ್ಟರಲ್ಲಿ ಪಂಪಮ್ಮ ಚೀಲದಿಂದ ತೆಂಗಿನಕಾಯಿ ತೆಗೆದಿದ್ದರು.

“ಇದು ದೇವ್ರಲ್ರಿ...”

“ಇಷ್ಟು ಹಳೇ ಕಲ್ಲು ದೇವ್ರಲ್ದ ಮತ್ತೇನ್ರಿ?” ಎನ್ನುತ್ತ ಅವರು ಒಡೆದೇಬಿಟ್ಟರು. ಗಂಡನ ಕೈಗೊಂದು ಚೂರು ಇಟ್ಟರು. ಹುಲುಗೇಶನ ಹೆಂಡತಿ ಸಮತಾಳ ಅಂಗೈಗೆ ಒತ್ತಿ ಇನ್ನೊಂದು ಕೊಟ್ಟರು. ಆಮೇಲೆ ಗಾಳೆಮ್ಮನ ಕಡೆ ತಿರುಗಿದರು.

ಗಾಳೆಮ್ಮ ಚಪ್ಪಲಿ ಬಿಟ್ಟು ದೂರದ ಬಿಸಿಲಲ್ಲಿ ನಿಂತಿದ್ದಳು. ಪಂಪಮ್ಮ ಹತ್ತಿರ ಬಂದಂತೆ ಹಿಂದಕ್ಕೆ ಸರಿದಳು. ಬಗ್ಗಿ, ಎರಡೂ ಕೈಯಿಂದ ಸೆರಗು ಒಡ್ಡಿದಳು. ಬಾಯಿ ಮಾತ್ರ ಬಿಡಲಿಲ್ಲ.

ಪಂಪಮ್ಮನ ಕೈ ಅರೆಗಳಿಗೆ ನಿಂತಿತು. ಆಮೇಲೆ ಚೂರು ಮೇಲಿನಿಂದ ಸೆರಗಿಗೆ ಬಿತ್ತು.

ಗುರುತು ಹಿಡಿದರೋ, ಮುದುಕಿಯ ಭಕ್ತಿ ಅಂದುಕೊಂಡರೋ? ಅವರ ಮುಖದಲ್ಲಿ ಅದೇ ನಗು. ಹುಲುಗೇಶನಿಗೆ ಅವ್ವನ ಮೇಲೆ ಹಿಂದೆಂದೂ ಬಾರದಷ್ಟು ಸಿಟ್ಟು ಬಂತು. ಆ ಸಿಟ್ಟಿಗೆ ನಾಚಿಕೆಯಾಗಿ ಅಳು ಬಂತು. ಸಮತಾ ಬೇರೆಲ್ಲೋ ನೋಡುತ್ತಿದ್ದಳು.

“ತಗೋರಿ ಸರ,” ಎನ್ನುತ್ತ ಪಂಪಮ್ಮ ಅವನತ್ತ ಬಂದರು.

ಏನೂ ಆಗಿಲ್ಲ ಎಂದುಕೊಂಡ. ದಿನವೂ ಅವರ ಕೈಯಿಂದ ರೊಟ್ಟಿ ಇಸಿದುಕೊಳ್ಳುವಂತೆಯೇ ಇಸಿದುಕೊಂಡರಾಯಿತು. ನೆಟ್ಟಗೆ ಕೈ ಚಾಚಿದೆ ಎಂದೇ ಅಂದುಕೊಂಡ.

ಪಂಪಮ್ಮ ಚೂರು ಹಿಡಿದುಕೊಂಡೇ ನಿಂತಿದ್ದರು. ಅವರ ನಗು ಮೆಲ್ಲಗೆ ಕರಗುತ್ತಿತ್ತು. ಅವರ ಕಣ್ಣು ಹೋದಲ್ಲಿಗೆ ಅವನೂ ನೋಡಿದ.

ಅವನ ಬೆನ್ನು ಬಾಗಿತ್ತು. ಎರಡೂ ಅಂಗೈಗಳು ಕೂಡಿ, ಬೊಗಸೆಯಾಗಿ, ಅವರ ಕೈಗಿಂತ ಬಹಳ ಕೆಳಗೆ ಕಾಯುತ್ತಿದ್ದವು.